ನಮ್ಮೂರ ಹೆಂಗಸರ ಕಸುಬು

ನಮ್ಮೂರಿನ ಜನರನ್ನು ಎಣಿಸುವ ಕೆಲಸ ನನ್ನ ಪಾಲಿಗೆ ಬಂದಾಗ ನನಗೆ ಹತ್ತೊಂಬತ್ತು ವರ್ಷ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬನಶಂಕರಿ ಗುಡಿ ದಾಟಿ ಇಟ್ಟಮಡುವಿನ ಕಡೆ ಹೋಗುವ ಗಾಡಿದಾರಿಯಲ್ಲಿ ಒಂದು ಕಡೆ ಎಡಕ್ಕೆ ಹೊರಳಿದರೆ ನಮ್ಮೂರು. ಜಯನಗರದಲ್ಲಿ ಸಾಲುಸಾಲಾಗಿ ಮನೆಗಳು ಏಳುತ್ತಿದ್ದುದನ್ನು ನಾವೆಲ್ಲ ನೋಡಿದ್ದೆವು. ಆ ಸಾಲು ನಮ್ಮ ಹೊಲದವರೆಗೂ ಬರುತ್ತದೆಂದು ಮಾತ್ರ ಯಾರೂ ಅಂದುಕೊಂಡಿರಲಿಲ್ಲ. ಊರಿಗೆ ಕರೆಂಟು ಇರಲಿಲ್ಲ. ಕೆರೆ ಇತ್ತು, ಕೆರೆಯ ಕೆಳಗೆ ತರಕಾರಿ ತೋಟಗಳಿದ್ದವು, ಮೇಲಿನ ಬೆದ್ದಲಿನಲ್ಲಿ ರಾಗಿ, ಅವರೆ, ಹುರುಳಿ ಬೆಳೆಯುತ್ತಿದ್ದರು.

ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದೆ. ಊರಿನ ಹೆಣ್ಣುಮಕ್ಕಳಲ್ಲಿ ಅಷ್ಟು ಓದಿದವಳು ನಾನೊಬ್ಬಳೇ. ಓದಿಸಿದವಳು ನನ್ನ ಅತ್ತೆ, ಅಪ್ಪನ ತಂಗಿ. ಮದುವೆಯಾಗಿ ಹುಳಿಮಾವಿನ ಆಚೆಯ ಒಂದು ಊರಿಗೆ ಹೋಗಿದ್ದ ಅವಳು ಮೂರೇ ವರ್ಷಕ್ಕೆ ಒಬ್ಬಳೇ ನಡೆದುಕೊಂಡು ವಾಪಸ್ಸು ಬಂದಿದ್ದಳು. ಕೇಳಿದವರಿಗೆಲ್ಲ ಅಪ್ಪ, ನಾಲ್ಕು ದಿನ ಇದ್ದು ಹೋಗಲಿಕ್ಕೆ ಬಂದಿದ್ದಾಳೆ ಎನ್ನುತ್ತಿದ್ದ. ಹನ್ನೆರಡು ವರ್ಷವಾದರೂ ಅಪ್ಪನ ಬಾಯಲ್ಲಿ ಅದೇ ಮಾತು. ಅತ್ತೆ ಮಾತ್ರ ಬಂದ ಮಾರನೆಯ ದಿನವೇ ತೋಟಕ್ಕೆ ಇಳಿದವಳು ಮತ್ತೆ ಹತ್ತಿರಲಿಲ್ಲ. ದಂಟು, ಸಬ್ಬಸಿಗೆ, ಹುರುಳಿಕಾಯಿ ಬೆಳೆದು, ಕೋಳಿ ಕೂಗುವ ಹೊತ್ತಿಗೆ ಕುಕ್ಕೆ ಹೊತ್ತು ಬಸವನಗುಡಿಯ ಮಾರುಕಟ್ಟೆಗೆ ಹೋಗುತ್ತಿದ್ದಳು. ನಾನು ಹೈಸ್ಕೂಲಿಗೆ ಸೇರುವಾಗ, ಹುಡುಗಿ ಒಬ್ಬಳೇ ಅಷ್ಟು ದೂರ ಹೋಗುವುದು ಹೇಗೆ ಎಂದು ಮನೆಯಲ್ಲಿ ತಕರಾರು ಎದ್ದಿತು. ನನ್ನ ಹಿಂದೆ ಬರುತ್ತಾಳೆ ಎಂದಷ್ಟೇ ಹೇಳಿ ಅತ್ತೆ ಮಾರನೆಯ ಬೆಳಿಗ್ಗೆ ನನ್ನನ್ನು ಎಬ್ಬಿಸಿದಳು. ಅವಳ ಸೊಪ್ಪು ಮಾರಿ ಮುಗಿಯುವ ತನಕ ನಾನು ಗೋಣಿಚೀಲದ ಮೇಲೆ ಕೂತು ಪಾಠ ಓದಿಕೊಳ್ಳುತ್ತಿದ್ದೆ. ಆಮೇಲೆ ಶಾಲೆಗೆ ಹೋಗುತ್ತಿದ್ದೆ.

ಊರಿನ ಶಾಲೆಯ ಮೇಷ್ಟ್ರಿಗೆ ವರ್ಗವಾಗಿ ಆ ಜಾಗ ಖಾಲಿ ಬಿದ್ದಾಗ ನನ್ನನ್ನು ತಾತ್ಕಾಲಿಕವಾಗಿ ಅಲ್ಲಿಗೆ ಹಾಕಿಕೊಂಡರು. ಆರು ತಿಂಗಳೂ ಆಗಿರಲಿಲ್ಲ, ಜನಗಣತಿಯ ಆರ್ಡರು ಬಂತು. ಶಾಲೆಯಲ್ಲಿ ಪಾಠ ಹೇಳುವವರೇ ಆ ಊರಿನ ಜನರನ್ನು ಬರೆದುಕೊಳ್ಳಬೇಕು. ನಮ್ಮನ್ನು ಪೇಟೆಯ ಒಂದು ದೊಡ್ಡ ಹಾಲಿನಲ್ಲಿ ಕೂರಿಸಿ ಎರಡು ದಿನ ಪಾಠ ಮಾಡಿದರು. ಒಬ್ಬೊಬ್ಬರಿಗೂ ಒಂದೊಂದು ಚೀಟಿ. ವಯಸ್ಸು, ಮದುವೆ, ಹುಟ್ಟಿದ ಊರು, ಆಡುವ ಮಾತು, ಓದುಬರಹ, ಕಸುಬು ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಪಾಠ ಹೇಳಿದ ಅಧಿಕಾರಿಯ ಎರಡು ಮಾತು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತವು. ಬೇಸಾಯದಂಥ ಕೆಲಸದಲ್ಲಿ ಹಂಗಾಮಿನ ಬಹುಪಾಲಿನಲ್ಲಿ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ದುಡಿಯುವವರನ್ನು ಗಂಡಾಗಲಿ ಹೆಣ್ಣಾಗಲಿ ಕೆಲಸಗಾರರೆಂದೇ ಬರೆಯಬೇಕು ಎನ್ನುವುದು ಒಂದು. ಬರೆದ ಚೀಟಿಯನ್ನು ಇಲಾಖೆಯವರಲ್ಲದೆ ಬೇರೆ ಯಾರಿಗೂ ತೋರಿಸಕೂಡದು, ಅದು ಕಾನೂನು ಎನ್ನುವುದು ಇನ್ನೊಂದು.

ಊರಿಗೆ ವಾಪಸ್ಸು ಬಂದ ದಿನವೇ ಪಟೇಲರು ಹೇಳಿಕಳಿಸಿದರು. ಅವರು ನಮ್ಮ ದೂರದ ನೆಂಟರು, ನಾನು ದೊಡ್ಡಪ್ಪ ಎಂದೇ ಕರೆಯುತ್ತಿದ್ದೆ. ಚಾವಡಿಯಲ್ಲಿ ಶಾನುಭೋಗರನ್ನೂ ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಮನೆಮನೆ ಅಲೆಯುವ ಕಷ್ಟ ನನಗೆ ಬೇಡವಂತೆ. ಊರಿನ ಪ್ರತಿ ಒಲೆಯ ಲೆಕ್ಕವೂ ಅವರ ಬಾಯಲ್ಲೇ ಇದೆ, ಅವರು ಹೇಳುತ್ತಾ ಹೋಗುತ್ತಾರೆ, ನಾನು ಬರೆಯುತ್ತಾ ಹೋದರೆ ಒಂದು ಬೆಳಿಗ್ಗೆಗೆ ಎಲ್ಲ ಮುಗಿಯುತ್ತದೆ. ಹೋದ ಸಲವೂ ಹಾಗೆಯೇ ಆಗಿತ್ತಂತೆ. ಗಂಡಸರಿಗೆ ಬೇಸಾಯ ಎಂದು ಬರೆದುಕೋ, ಹೆಂಗಸರ ಮುಂದೆ ಏನೂ ಇಲ್ಲ ಎಂದು ಬರೆದುಕೋ, ಹಟ್ಟಿಗೆ ನೀನು ಹೋಗುವುದೇ ಬೇಡ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನನಗೆ ಉಪಕಾರ ಮಾಡುತ್ತಿದ್ದೇನೆಂದೇ ಅವರು ತಿಳಿದಿದ್ದರು. ಪ್ರತಿ ಮನೆಯ ಬಾಗಿಲಿಗೆ ಹೋಗಿಯೇ ಬರೆಯಬೇಕೆಂದು ನಮಗೆ ಹೇಳಿದ್ದಾರೆ ಎಂದೆ. ಅವರು ನಕ್ಕು, ಕಾಲು ನೋವು ಬಂದರೆ ಚಾವಡಿಗೆ ಬಾ ಎಂದರು.

ಮಾರನೆಯ ದಿನದಿಂದ ಶಾಲೆ ಬಿಟ್ಟ ಮೇಲೆ ಚೀಟಿಗಳ ಕಟ್ಟು ಹಿಡಿದು ಹೊರಟೆ. ಹುಟ್ಟಿ ಬೆಳೆದ ಊರು, ಆದರೆ ಅದರ ಅರ್ಧ ಬಾಗಿಲುಗಳನ್ನು ನಾನು ಅದುವರೆಗೆ ತಟ್ಟಿರಲಿಲ್ಲ. ನಡುಬೀದಿಯಲ್ಲಿ ನಮ್ಮ ಒಕ್ಕಲಿಗರ ಮನೆಗಳು. ಕೆರೆಯ ಏರಿಯ ಪಕ್ಕ ಹೂವು, ತರಕಾರಿ ಬೆಳೆಯುವ ತಿಗಳರು. ಅವರು ಮನೆಯೊಳಗೆ ಬೇರೆ ಮಾತಾಡುತ್ತಾರೆಂದು ನನಗೆ ಗೊತ್ತಾದದ್ದೇ ಭಾಷೆಯ ಕಾಲಂ ತುಂಬುವಾಗ. ಎರಡು ಕುಂಬಾರರ ಮನೆ, ಎತ್ತಿಗೆ ಲಾಳ ಕಟ್ಟುವ ಸಾಬರದೊಂದು ಮನೆ, ಶಾನುಭೋಗರದೊಂದು. ಹೊಲಗಳನ್ನು ದಾಟಿ ಒಂದು ಕೂಗಿನಷ್ಟು ದೂರದಲ್ಲಿ ದಲಿತರ ಹಟ್ಟಿ. ವಯಸ್ಸು ಕೇಳಿದರೆ ಯಾರಿಗೂ ವರ್ಷದ ಲೆಕ್ಕ ಗೊತ್ತಿರಲಿಲ್ಲ. ಪ್ಲೇಗು ಬಂದು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ದಾಗ ಹುಟ್ಟಿದವಳು ನಾನು ಎಂದು ಒಬ್ಬ ಮುದುಕಿ ಹೇಳಿದಳು. ಗಂಡನ ಹೆಸರನ್ನು ಒಬ್ಬ ಹೆಂಗಸೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಪಕ್ಕದ ಮನೆಯವಳು ಬಂದು ಹೇಳಿ, ಪ್ರತಿಯಾಗಿ ತನ್ನ ಗಂಡನ ಹೆಸರನ್ನು ಇವಳಿಂದ ಹೇಳಿಸಿಕೊಂಡು ಹೋಗುತ್ತಿದ್ದಳು.

ಕಸುಬಿನ ಕಾಲಂ ಬಂದಾಗ ಎಲ್ಲ ಹೆಂಗಸರದೂ ಒಂದೇ ಉತ್ತರ. ಏನೂ ಇಲ್ಲ, ಮನೆಯಲ್ಲಿರುತ್ತೇನೆ. ಮೊದಲ ದಿನ ಹಾಗೆ ಹೇಳಿದವಳ ಎದುರಿಗೆ ಕೊಯ್ದ ದಂಟಿನ ಸೊಪ್ಪಿನ ರಾಶಿ ಇತ್ತು. ಮಾತಾಡುತ್ತಲೇ ಅವಳು ಬಾಳೆಪಟ್ಟೆಯಿಂದ ಕಂತೆ ಕಟ್ಟುತ್ತಿದ್ದಳು. ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡಿದಿರಿ ಎಂದು ಕೇಳಿದೆ. ಕೊಟ್ಟಿಗೆ, ಹಾಲು, ಸೊಪ್ಪಿನ ಮಡಿಗೆ ನೀರು ಕಟ್ಟಿದ್ದು, ಕಳೆ ಕಿತ್ತದ್ದು, ಸೊಪ್ಪು ಕೊಯ್ದದ್ದು, ಎತ್ತಿಗೆ ಹುಲ್ಲು ತಂದದ್ದು ಎಲ್ಲವನ್ನೂ ಬೇರೆ ಯಾರದೋ ಕತೆಯಂತೆ ಹೇಳಿದಳು. ಅದೆಲ್ಲ ಕೆಲಸವಲ್ಲವೇ ಎಂದೆ.

"ಅದೆಂಥಾ ಕೆಲ್ಸ ತಾಯಿ. ಅದು ಮಾಡ್ಲೇಬೇಕಾದ್ದು" ಎಂದಳು.

ನಾನು ಅವಳ ಚೀಟಿಯಲ್ಲಿ ಬೇಸಾಯ ಎಂದು ಬರೆದೆ. ಬರೆದು ಓದಿ ಹೇಳಿದಾಗ ಅವಳು ಕಂತೆ ಕಟ್ಟುವುದನ್ನು ನಿಲ್ಲಿಸಿ, ನನಗೂ ಅದನ್ನೇ ಬರೆದೆಯಾ ಎಂದು ಕೇಳಿದಳು. ಹೌದು ಎಂದೆ. ಆ ಮನೆಯಿಂದ ಮುಂದಕ್ಕೆ ನಾನು ಒಬ್ಬ ಹೆಂಗಸನ್ನೂ ಕಸುಬೇನು ಎಂದು ಕೇಳಲಿಲ್ಲ. ಬೆಳಿಗ್ಗೆಯಿಂದ ಏನು ಮಾಡಿದಿರಿ ಎಂದೇ ಕೇಳುತ್ತಿದ್ದೆ. ಎರಡು ದಿನದಲ್ಲಿ ಸುದ್ದಿ ನನಗಿಂತ ಮುಂದೆ ಓಡಿ, ಹೆಂಗಸರು ಬಾಗಿಲಲ್ಲೇ ಕಾದಿದ್ದು ತಮ್ಮ ಕೆಲಸಗಳನ್ನು ಎಣಿಸಿ ಎಣಿಸಿ ಹೇಳತೊಡಗಿದರು. ಎಲ್ಲರೂ ಅಲ್ಲ. ಕೆಲವರು ನನ್ನ ಕಾಗದ ಕಂಡರೇ ಹೆದರುತ್ತಿದ್ದರು. ಕಂದಾಯ ಏರಿಸಲಿಕ್ಕೆ ಬರೆಯುತ್ತಿದ್ದೇನೆಂದು ಅವರ ಮನೆಯ ಗಂಡಸರು ಹೇಳಿದ್ದರು.

ಹಟ್ಟಿಗೆ ಹೋದ ದಿನ ನನಗೆ ನನ್ನ ಬಗ್ಗೆಯೇ ನಾಚಿಕೆಯಾಯಿತು. ಹತ್ತೊಂಬತ್ತು ವರ್ಷ ಒಂದು ಕೂಗಿನ ದೂರದಲ್ಲಿ ಬದುಕಿದವಳು, ಅಲ್ಲಿ ಎಷ್ಟು ಮನೆಗಳಿವೆ ಎನ್ನುವುದೂ ನನಗೆ ಗೊತ್ತಿರಲಿಲ್ಲ. ಜಗುಲಿಯ ಮೇಲೆ ಕೂರಬೇಕೋ ನಿಂತೇ ಬರೆಯಬೇಕೋ ತಿಳಿಯದೆ ಅನುಮಾನಿಸಿದೆ. ನನ್ನ ಅನುಮಾನ ಅವರಿಗೂ ಕಂಡಿತು. ನಮ್ಮ ಹೊಲಕ್ಕೆ ಕಳೆ ಕೀಳಲು ಬರುತ್ತಿದ್ದ ಒಬ್ಬ ಹೆಂಗಸು ಕುಕ್ಕೆಯನ್ನು ಬೋರಲು ಹಾಕಿ ಕೂರಲು ಹೇಳಿದಳು, ಕೂತೆ. ಅಲ್ಲಿ ಯಾರಿಗೂ ಕಸುಬಿನ ಬಗ್ಗೆ ತಕರಾರಿರಲಿಲ್ಲ. ಗಂಡಿಗೂ ಕೂಲಿ, ಹೆಣ್ಣಿಗೂ ಕೂಲಿ. ನಡುಬೀದಿಯ ಹೆಂಗಸರು ಏನೂ ಇಲ್ಲ ಎಂದು ಹೇಳಿದ್ದನ್ನು ಅವಳಿಗೆ ಹೇಳಿದೆ.

"ನಮ್ಮನ್ನ ಕೆಲ್ಸದೋರು ಅಂತ ಬರ್ಕೊಳಕ್ಕೆ ಯಾರ್ಗೂ ಬೇಜಾರಿಲ್ಲ ಕಣವ್ವ" ಎಂದಳು. "ನಿಮ್ಮೋರ್ಗೇ ಅದು ಅವಮಾನ."

ಅವಳ ಮಾತು ಎಷ್ಟು ನಿಜ ಎನ್ನುವುದು ಎರಡೇ ದಿನಕ್ಕೆ ಗೊತ್ತಾಯಿತು. ಪಟೇಲರು ಮತ್ತೆ ಕರೆಸಿದರು. ಈ ಸಲ ಮುಖದಲ್ಲಿ ನಗುವಿರಲಿಲ್ಲ. ನಾನು ಊರಿನ ಹೆಂಗಸರನ್ನೆಲ್ಲ ದುಡಿಯುವವರು ಎಂದು ಬರೆಯುತ್ತಿರುವುದು ನಿಜವೇ ಎಂದು ಕೇಳಿದರು. ನಿಜ ಎಂದೆ. ಹಾಗೆ ಬರೆದರೆ ನಾಳೆ ಓದಿದವರು ಏನು ತಿಳಿಯುತ್ತಾರೆ? ಈ ಊರಿನ ಗಂಡಸರಿಗೆ ಹೆಂಡತಿ ಮಕ್ಕಳನ್ನು ಸಾಕುವ ಯೋಗ್ಯತೆ ಇಲ್ಲ ಎಂದುಕೊಳ್ಳುವುದಿಲ್ಲವೇ?

"ನಮ್ಮ ಮನೆ ಹೆಂಗಸ್ರನ್ನ ತಗೊಂಡೋಗಿ ಹಟ್ಟಿ ಹೆಂಗಸ್ರ ಸಾಲಿಗೆ ಸೇರ್ಸಿದ್ಯಲ್ಲ, ನಿಂಗೆ ಬುದ್ಧಿ ನೆಟ್ಟಗಿದ್ಯಾ?" ಎಂದರು.

ಸಾಲಿಗೆ ನಾನು ಸೇರಿಸಲಿಲ್ಲ ದೊಡ್ಡಪ್ಪ, ಕಳೆ ಕೀಳುವಾಗ ಅವರು ಒಂದೇ ಸಾಲಿನಲ್ಲಿ ಬಗ್ಗಿರುತ್ತಾರೆ ಎಂದೆ. ಚಾವಡಿಯಲ್ಲಿ ಯಾವ ಹೆಂಗಸೂ ಅವರಿಗೆ ಎದುರಾಡಿದ್ದನ್ನು ನಾನು ನೋಡಿರಲಿಲ್ಲ. ಅವರು ಕೈಚಾಚಿ ಚೀಟಿಗಳ ಕಟ್ಟು ಕೇಳಿದರು. ಕೊಡಲಾಗುವುದಿಲ್ಲ, ಕಾನೂನು ಇದೆ ಎಂದೆ. ನನ್ನ ಮುಂದೆಯೇ ಕಾನೂನು ಹೇಳುತ್ತೀಯಾ ಎಂದರು. ಕಟ್ಟನ್ನು ಎದೆಗವಚಿಕೊಂಡು ಚಾವಡಿಯ ಮೆಟ್ಟಿಲಿಳಿದೆ. ಹಿಂದೆ ಶಾನುಭೋಗರು ಏನೋ ಸಮಾಧಾನದ ಮಾತು ಹೇಳುತ್ತಿದ್ದುದು ಕೇಳಿಸಿತು. ತಿರುಗಿ ನೋಡಲಿಲ್ಲ.

ನನ್ನ ಮನೆಯನ್ನು ನಾನು ಕೊನೆಗೆ ಉಳಿಸಿಕೊಂಡಿದ್ದೆ. ಹೊರಗಿನವರ ಮುಂದೆ ಗಟ್ಟಿಯಾಗಿ ಮಾತಾಡುವುದು ಸುಲಭ, ಅಪ್ಪನ ಮುಂದೆ ಕಷ್ಟ. ಆ ಸಂಜೆ ಅಪ್ಪ ಚಾವಡಿಯಿಂದಲೇ ಬಂದಿದ್ದ. ಪಡಸಾಲೆಯಲ್ಲಿ ಕೂತು ಬರೆದುಕೋ ಎಂದು ಅವನೇ ಶುರುಮಾಡಿದ. ತನ್ನದು ಹೇಳಿದ, ಅಮ್ಮನದು ಹೇಳಿದ, ತಮ್ಮಂದಿರದು ಹೇಳಿದ. ಅಮ್ಮನ ಚೀಟಿಯಲ್ಲಿ ನಾನು ಬೇಸಾಯ ಎಂದು ಬರೆದದ್ದನ್ನು ನೋಡಿಯೂ ನೋಡದವನಂತೆ ಇದ್ದ. ಅತ್ತೆಯ ಸರದಿ ಬಂತು. ಅವಳು ಒಲೆಯ ಕಡೆಗೆ ಬೆನ್ನು ಮಾಡಿ ಹುರುಳಿಕಾಯಿ ಆರಿಸುತ್ತಿದ್ದಳು.

ಮದುವೆಯ ಕಾಲಮ್ಮಿನಲ್ಲಿ ನಾಲ್ಕು ಬಗೆ ಇತ್ತು. ಮದುವೆಯಾಗದವರು, ಆದವರು, ಗಂಡ ಅಥವಾ ಹೆಂಡತಿ ಸತ್ತವರು, ಬೇರೆಯಾದವರು ಅಥವಾ ಬಿಡುಗಡೆಯಾದವರು. ಅಪ್ಪ, ಮದುವೆಯಾಗಿದೆ ಎಂದು ಬರಿ ಎಂದ. ಆಮೇಲೆ ಕಸುಬು ಏನೂ ಇಲ್ಲ, ನಾಲ್ಕು ದಿನ ಇದ್ದು ಹೋಗಲು ಬಂದವಳು ಎಂದ. ನಾನು ಬರೆಯದೆ ಕೂತೆ. ಬರಿ ಎಂದು ಮತ್ತೆ ಹೇಳಿದ. ಅತ್ತೆಯನ್ನೇ ಕೇಳಿ ಬರೆಯುತ್ತೇನೆ ಎಂದೆ. ಅಪ್ಪನ ಕೈ ಎದ್ದದ್ದನ್ನು ನೋಡಿದೆ. ಹೊಡೆಯಲಿಲ್ಲ, ಆದರೆ ಕೈ ಇಳಿಯಲಿಕ್ಕೆ ಹೊತ್ತು ಹಿಡಿಯಿತು. ಅಮ್ಮ ನಡುವೆ ಬಂದು ನನ್ನನ್ನು ಎಬ್ಬಿಸಲು ನೋಡಿದಳು, ನಾನು ಏಳಲಿಲ್ಲ.

ಆಗ ಅತ್ತೆ ಮೊರವನ್ನು ಪಕ್ಕಕ್ಕಿಟ್ಟು ಬಂದು ನನ್ನ ಎದುರಿಗೆ ಕೂತಳು. ಊರಿನ ಉಳಿದ ಹೆಂಗಸರು ಕೂತ ಹಾಗೆಯೇ, ಚೀಟಿ ಬರೆಸಲು ಬಂದವಳಂತೆ.

"ಬಿಟ್ಟೋಳು ಅಂತ ಬರಿ" ಎಂದಳು. "ಅವ್ರು ನನ್ನ ಬಿಟ್ಟಿಲ್ಲ. ನಾನೇ ಬಿಟ್ಟು ಬಂದಿದ್ದು."

ಅಪ್ಪ ಅವಳ ಹೆಸರು ಹಿಡಿದು ಗದರಿದ.

"ಹನ್ನೆರಡು ವರ್ಷದಿಂದ ನೀನು ಊರಿಗೆಲ್ಲ ಸುಳ್ಳು ಹೇಳ್ತಿದ್ದೀಯ ಅಣ್ಣ. ನನ್ನ ಮರ್ಯಾದೆಗೆ ಅಂತ ಸುಮ್ನಿದ್ದೆ. ಅದು ನಿನ್ನ ಮರ್ಯಾದೆ, ನಂದಲ್ಲ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಕಸುಬು ಏನೆಂದು ಕೇಳು ಎಂದಳು. ಕೇಳಿದೆ. ಕೆರೆ ಕೆಳಗಿನ ತೋಟದ ಬೇಸಾಯ ಎಂದಳು. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚೇ ಎಂದು ಕೇಳಬೇಕಾದ ಪ್ರಶ್ನೆಯನ್ನು ನಾನು ಕೇಳಲಿಲ್ಲ.

ಅವಳು ಆ ಮನೆಯನ್ನು ಏಕೆ ಬಿಟ್ಟು ಬಂದಳೆಂದು ಆ ಚೀಟಿ ಕೇಳುತ್ತಿರಲಿಲ್ಲ. ಅವಳೂ ಹೇಳಲಿಲ್ಲ. ಬಹಳ ವರ್ಷ ಕಳೆದ ಮೇಲೆ ಒಮ್ಮೆ ಅವಳ ಬೆನ್ನು ಉಜ್ಜುವಾಗ ನಾನು ಹಳೆಯ ಬರೆಗಳನ್ನು ನೋಡಿದೆ, ಮತ್ತೆ ಕೇಳುವುದೇನೂ ಉಳಿಯಲಿಲ್ಲ. ಆ ಸಂಜೆ ಅಪ್ಪ ಊಟ ಮಾಡದೆ ಎದ್ದುಹೋದ. ಅತ್ತೆ ಮತ್ತೆ ಹುರುಳಿಕಾಯಿ ಆರಿಸಲು ಕೂತಳು.

ವಾರದೊಳಗೆ ನಮ್ಮ ಮೇಲ್ವಿಚಾರಕರು ಸೈಕಲ್ಲಿನಲ್ಲಿ ಬಂದರು. ಪಟೇಲರ ದೂರು ಅವರಿಗೆ ಮುಟ್ಟಿತ್ತು. ವಯಸ್ಸಾದವರು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದರು. ಪಟೇಲರ ಮನೆಯ ಜಗುಲಿಯಲ್ಲೇ ಕೂತು ನನ್ನ ಕಟ್ಟು ಬಿಚ್ಚಿ ನೋಡಿದರು. ಸುತ್ತಲ ಯಾವ ಊರಿನಲ್ಲೂ ಇಷ್ಟು ಹೆಂಗಸರ ಹೆಸರಿಗೆ ಬೇಸಾಯ ಬಂದಿಲ್ಲ, ಒಂದು ಊರು ಮಾತ್ರ ಬೇರೆಯಾಗಿ ಕಂಡರೆ ಮೇಲಿನವರು ತನ್ನನ್ನೇ ಕೇಳುತ್ತಾರೆ, ಇದನ್ನೆಲ್ಲ ಮನೆಗೆಲಸ ಎಂದು ತಿದ್ದಿಬಿಡು ಎಂದರು. ಅವರು ಕೆಟ್ಟವರಲ್ಲ. ತಲೆನೋವು ಬೇಡವಾಗಿತ್ತು, ಅಷ್ಟೇ.

ನಾನು ಸೂಚನೆಯ ಪುಸ್ತಕವನ್ನು ಸೆರಗಿನಲ್ಲೇ ತಂದಿದ್ದೆ. ಒಂದು ಗಂಟೆಯ ಮಾತಿರುವ ಪುಟ ತೆಗೆದು ಅವರ ಮುಂದಿಟ್ಟು, ಇದನ್ನು ತಿದ್ದಿದರೆ ನಾನು ಚೀಟಿಗಳನ್ನೂ ತಿದ್ದುತ್ತೇನೆ ಸಾರ್ ಎಂದೆ. ಅವರು ಓದಿದರು. ಪಟೇಲರು ನಡುವೆ ಬಾಯಿಹಾಕಿ, ಪುಸ್ತಕ ಬರೆದವರಿಗೆ ನಮ್ಮ ಮನೆಗಳ ವಿಷಯ ಏನು ಗೊತ್ತು, ನಮ್ಮ ಹೆಂಗಸರು ಹೊಸ್ತಿಲು ದಾಟುವವರಲ್ಲ ಎಂದರು. ಹಾಗೆ ಹೇಳಿ ಕಾಫಿ ತರಲು ಒಳಗೆ ಕೂಗಿದರು. ಕಾಫಿ ಬರಲಿಲ್ಲ. ಇನ್ನೊಮ್ಮೆ ಕೂಗಿದರು. ಸ್ವಲ್ಪ ಹೊತ್ತಿಗೆ ಅವರ ಹೆಂಡತಿ, ನಾನು ದೊಡ್ಡಮ್ಮ ಎಂದು ಕರೆಯುವವರು, ಲೋಟಗಳನ್ನು ಹಿಡಿದು ಹೊರಗೆ ಬಂದರು. ಸೀರೆಯನ್ನು ಮೇಲಕ್ಕೆತ್ತಿ ಕಟ್ಟಿದ್ದರು. ಕಾಲು ಹರಡಿನ ತನಕ ಹಸಿ ಕೆಸರು.

"ಬದನೆ ಮಡಿಗೆ ನೀರು ಕಟ್ತಿದ್ದೆ" ಎಂದರು ಅವರು, ಬಂದ ಅಧಿಕಾರಿಯ ಕಡೆ ನೋಡಿ. "ಅದಕ್ಕೇ ಕಾಫಿ ತಡ ಆಯ್ತು."

ಅಧಿಕಾರಿ ಲೋಟ ತೆಗೆದುಕೊಂಡರು. ದೊಡ್ಡಮ್ಮನ ಕಾಲನ್ನೂ ನೋಡಿದರು, ಜಗುಲಿಯ ಮೇಲೆ ಬಿದ್ದ ಹೆಜ್ಜೆಗಳನ್ನೂ ನೋಡಿದರು. ಪಟೇಲರು ಮೇಲೆ ತೊಲೆಯ ಕಡೆ ನೋಡುತ್ತಿದ್ದರು. ಕಾಫಿ ಕುಡಿದು ಮುಗಿಸಿ ಅಧಿಕಾರಿ ಜೇಬಿನಿಂದ ಪೆನ್ನು ತೆಗೆದು, ಯಾವ ಚೀಟಿಯನ್ನೂ ತಿದ್ದದೆ, ಸಹಿ ಹಾಕಬೇಕಾದಲ್ಲಿ ಸಹಿ ಹಾಕಿ ಕಟ್ಟನ್ನು ಚೀಲಕ್ಕೆ ಹಾಕಿಕೊಂಡರು. ಹೋಗುವಾಗ, ಮೇಲಿನವರು ಕೇಳಿದರೆ ನಿನ್ನನ್ನೇ ಕರೆಸುತ್ತೇನೆ ಎಂದರು. ಕರೆಸಿ ಸಾರ್, ಬರುತ್ತೇನೆ ಎಂದೆ. ಯಾರೂ ಕರೆಸಲಿಲ್ಲ.

ಕೆಲವು ದಿನದ ಮೇಲೆ ಬಾವಿಯ ಹತ್ತಿರ ದೊಡ್ಡಮ್ಮ ಸಿಕ್ಕಾಗ ಹಿಂದೆ ಮುಂದೆ ನೋಡಿ ನನಗೊಂದು ಮಾತು ಹೇಳಿದರು. ಅವತ್ತು ಅವರು ಹಿತ್ತಿಲ ಬಾಗಿಲಿಂದ ಬಂದು ಗೋಡೆಯ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರಂತೆ. ಕಾಲು ತೊಳೆಯಲು ಚೊಂಬಿನಲ್ಲಿ ನೀರನ್ನೂ ತೆಗೆದುಕೊಂಡಿದ್ದರಂತೆ. ಹೊಸ್ತಿಲು ದಾಟುವವರಲ್ಲ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಚೊಂಬನ್ನು ಕೆಳಗಿಟ್ಟರಂತೆ. ಇಷ್ಟು ಹೇಳಿ ಬಿಂದಿಗೆ ಎತ್ತಿಕೊಂಡು ಹೊರಟುಹೋದರು. ಆಮೇಲೆ ಎಂದೂ ಆ ಮಾತು ಎತ್ತಲಿಲ್ಲ.

ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ನನ್ನ ಜಾಗಕ್ಕೆ ಬೇರೆ ಮೇಷ್ಟ್ರು ಬಂದಿದ್ದರು. ತಾತ್ಕಾಲಿಕದ ಕೆಲಸ, ಮುಗಿಯಿತು ಎಂದಷ್ಟೇ ಹೇಳಿದರು. ಯಾರ ಬಾಯಿ ಅದರ ಹಿಂದೆ ಇತ್ತೆಂದು ಊರಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ಕ್ಷಮೆ ಕೇಳಿಬಿಡು, ದೊಡ್ಡವರು ಮನಸ್ಸು ಮಾಡಿದರೆ ಮತ್ತೆ ಹಾಕಿಸುತ್ತಾರೆ ಎಂದು ಅಮ್ಮ ಅತ್ತಳು. ಯಾವ ತಪ್ಪಿಗೆ ಕ್ಷಮೆ ಕೇಳಬೇಕೆಂದು ಅವಳೇ ಹೇಳಲಿ ಎಂದೆ. ಅಪ್ಪ ಮುಂಗಾರು ಬೀಳುವವರೆಗೂ ನನ್ನೊಂದಿಗಾಗಲಿ ಅತ್ತೆಯೊಂದಿಗಾಗಲಿ ಮಾತಾಡಲಿಲ್ಲ. ಆದರೆ ಆ ಸಂಜೆಯಾದ ಮೇಲೆ, ನಾಲ್ಕು ದಿನ ಇದ್ದು ಹೋಗಲು ಬಂದಿದ್ದಾಳೆ ಎಂಬ ಮಾತು ಅವನ ಬಾಯಿಂದ ಮತ್ತೆ ಬರಲಿಲ್ಲ. ಯಾರೋ ಹೊಸ ನೆಂಟರು ಬಂದು ಈಕೆ ಯಾರು ಎಂದು ಕೇಳಿದಾಗ, ನನ್ನ ತಂಗಿ, ಕೆಳಗಿನ ತೋಟ ಅವಳೇ ನೋಡಿಕೊಳ್ಳುತ್ತಾಳೆ ಎಂದದ್ದನ್ನು ನಾನು ನನ್ನ ಕಿವಿಯಾರೆ ಕೇಳಿದೆ. ಅಷ್ಟಕ್ಕೆ ನಾನು ಅವನನ್ನು ಪೂರ್ತಿ ಕ್ಷಮಿಸಲಿಲ್ಲ, ಅವನೂ ನನ್ನನ್ನು ಕ್ಷಮಿಸಲಿಲ್ಲ.

ನಾನು ಶಿಕ್ಷಕರ ತರಬೇತಿಗೆ ಸೇರಿದೆ. ಅದು ಮುಗಿಸಿ ಬೇರೆ ಕಡೆ ಕಾಯಂ ಕೆಲಸ ಹಿಡಿದೆ. ಕೆಲವು ವರ್ಷಗಳ ಮೇಲೆ, ಪೇಟೆಯ ಒಂದು ಲೈಬ್ರರಿಯಲ್ಲಿ ಜಿಲ್ಲೆಯ ಊರೂರಿನ ಗಣತಿಯನ್ನು ಅಚ್ಚು ಹಾಕಿಸಿದ ದಪ್ಪ ಪುಸ್ತಕ ಕೈಗೆ ಸಿಕ್ಕಿತು. ಒಂದು ಊರಿಗೆ ಒಂದೇ ಸಾಲು. ಹುಡುಕಿದೆ, ನಮ್ಮೂರು ಸಿಕ್ಕಿತು. ಬೇಸಾಯ ಮಾಡುವ ಹೆಂಗಸರ ಕಾಲಮ್ಮಿನಲ್ಲಿ ನಾನು ಬರೆದಷ್ಟೂ ಜನ ಇದ್ದರು. ಹೆಸರಿಲ್ಲ, ಬರೀ ಅಂಕಿ. ಆದರೆ ಆ ಅಂಕಿಯೊಳಗೆ ಯಾರ್ಯಾರಿದ್ದಾರೆಂದು ನನಗೆ ಮನೆಮನೆಯ ಲೆಕ್ಕದಲ್ಲಿ ಗೊತ್ತಿತ್ತು. ಬೆರಳಿಟ್ಟು ಮೇಲಿನ ಊರು, ಕೆಳಗಿನ ಊರು ನೋಡಿದೆ. ಎರಡು ಕಡೆಯೂ ಸೊನ್ನೆ. ಆ ಊರುಗಳ ಹೆಂಗಸರನ್ನು ನಾನು ಬಲ್ಲೆ. ಅತ್ತೆಯ ಪಕ್ಕದಲ್ಲೇ ಕೂತು ಸೊಪ್ಪು ಮಾರುತ್ತಿದ್ದವರು ಅವರು.

ಅಷ್ಟು ಹೊತ್ತಿಗೆ ಬಡಾವಣೆಗೆಂದು ನಮ್ಮ ಬೆದ್ದಲಿನಲ್ಲಿ ಅಳತೆಯ ಕಲ್ಲುಗಳನ್ನು ನೆಡತೊಡಗಿದ್ದರು. ಕೆರೆ ಕೆಳಗಿನ ತೋಟ ಇನ್ನೂ ಉಳಿದಿತ್ತು. ಭಾನುವಾರ ಊರಿಗೆ ಹೋದವಳು ನೇರ ಅಲ್ಲಿಗೇ ಇಳಿದು ಅತ್ತೆಗೆ ಪುಸ್ತಕದ ವಿಷಯ ಹೇಳಿದೆ. ನಮ್ಮೂರಿನ ಅಂಕಿ ಹೇಳಿದೆ, ಪಕ್ಕದೂರುಗಳಲ್ಲಿ ಬೇಸಾಯ ಮಾಡುವ ಹೆಂಗಸು ಒಬ್ಬಳೂ ಇಲ್ಲವೆಂದು ಅಚ್ಚಾಗಿದೆ ಎಂದೆ. ಅವಳು ಗುದ್ದಲಿಗೆ ಒರಗಿ ನಿಂತು ಕೇಳಿಸಿಕೊಂಡಳು.

"ಅಲ್ಲಿ ಬರ್ದೋನ್ಗೆ ಯಾರು ಅಡ್ಗೆಗೆ ಸೊಪ್ಪು ತಂದ್ಕೊಟ್ರಂತೆ?" ಎಂದು ಕೇಳಿದಳು.

ನನಗೆ ನಗು ಬಂತು, ಅವಳಿಗೆ ಬರಲಿಲ್ಲ. ಅವಳು ನಿಜವಾಗಿಯೂ ಉತ್ತರ ಕೇಳುತ್ತಿದ್ದಳು. ನನಗೆ ಈಗ ವಯಸ್ಸಾಗಿದೆ. ಆಗಿನ ಕಾಲದ ಹೆಂಗಸರು ಮನೆಯಲ್ಲಿ ಹಾಯಾಗಿದ್ದರು ಎಂದು ಮದುವೆ ಮನೆಯಲ್ಲೋ ಬಸ್ಸಿನಲ್ಲೋ ಯಾರಾದರೂ ಹೇಳಿದರೆ ನಾನು ಈಗಲೂ ಸುಮ್ಮನೆ ಕೇಳಿಸಿಕೊಂಡು ಕೂರುವುದಿಲ್ಲ. ಯಾವ ಊರು, ಯಾರ ಮನೆ, ಬೆಳಿಗ್ಗೆ ಎದ್ದು ಏನೇನು ಮಾಡುತ್ತಿದ್ದರು ಹೇಳಿ ಎಂದು ಎದುರಿಗೆ ಕೂತು ಕೇಳುತ್ತೇನೆ. ಮನೆಯವರಿಗೆ ಇದರಿಂದ ಮುಜುಗರವಾಗುತ್ತದೆ. ಆಗಲಿ.